ನಿಂತ ಕಾರಿಗಿಂತ ಓಡಿದ ಕಾರು ಲೇಸು

(ದಾವಣಗೆರೆಯ ಒಂದು ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದುವ ಮಕ್ಕಳ ಮುಂದೆ ಆಡಿದ ಮಾತು. ಬರೆದು ಕೊಡಿ ಅಂತ ಹಲವರು ಕೇಳಿದರು. ಆದಷ್ಟೂ ಮಾತಾಡಿದ ಹಾಗೇ ಬರೆದಿದ್ದೇನೆ. ಅವತ್ತು ಹೊತ್ತಾಯಿತು ಅಂತ ಬಿಟ್ಟಿದ್ದ ಒಂದೆರಡು ವಿಷಯವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸೆಕೆಂಡ್ ಹ್ಯಾಂಡ್ ಕಾರು ನೋಡೋಕೆ ಹೋದಾಗ ನಾವೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ. ಎಷ್ಟು ಓಡಿದೆ? ಹದಿನೈದು ಸಾವಿರ ಅಂದರೆ ಮುಖ ಅರಳುತ್ತದೆ. ಒಂದು ಲಕ್ಷ ಅಂದರೆ ಕಾರಿನ ಬಾಗಿಲೂ ತೆಗೆಯದೆ ವಾಪಸ್ ಬರುತ್ತೇವೆ. ನಾನೂ ಹಾಗೇ ಇದ್ದೆ. ಇಪ್ಪತ್ತು ವರ್ಷದಲ್ಲಿ ಐದು ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ತಂದು, ಓಡಿಸಿ, ಬಿಚ್ಚಿಸಿ, ಜೋಡಿಸಿ, ನಾಲ್ಕನ್ನು ಮಾರಿ, ಒಂದನ್ನು ಇಟ್ಟುಕೊಂಡ ಮೇಲೆ ಈಗ ನಾನು ಮೊದಲು ಕೇಳುವುದು ಬೇರೆ. ಎಷ್ಟು ದಿನ ನಿಂತಿತ್ತು?

ಇವತ್ತು ನಾನು ಹೇಳೋಕೆ ಬಂದಿರುವುದು ಇಷ್ಟೇ. ಓಡಿದ ಕಾರನ್ನು ಕೊಳ್ಳಿ, ಕೊಂಡ ಮೇಲೆ ಓಡಿಸಿ. ಯಾಕೆ ಅಂತ ಒಂದೊಂದೇ ಕಾರಿನ ಕಥೆ ಹಿಡಿದು ಹೇಳುತ್ತೇನೆ.

ನನ್ನದು ಪಿ.ಬಿ. ರೋಡಿನಲ್ಲಿ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ, ಅಪ್ಪನ ಕಾಲದಿಂದ ಇದೆ. ಪಿ.ಬಿ. ಅಂದರೆ ಪೂನಾ–ಬೆಂಗಳೂರು. ನಾನು ಹುಡುಗನಾಗಿದ್ದಾಗ ಶಾಲೆ ಬಿಟ್ಟ ಮೇಲೆ ಅಂಗಡಿ ಮೆಟ್ಟಿಲ ಮೇಲೆ ಕೂತು ಹೋಗೋ ಬರೋ ಗಾಡಿ ಎಣಿಸುತ್ತಿದ್ದೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಲಾರಿ, ಲಾರಿ, ಲಾರಿ. ಅವುಗಳ ಮಧ್ಯೆ ವರ್ಷಕ್ಕೆ ಒಂದೋ ಎರಡೋ ಸಲ ನೆಲಕ್ಕೆ ಅಂಟಿಕೊಂಡ ಹಾಗೆ ಬರುವ, ಎರಡೇ ಸೀಟಿನ ಯಾವುದೋ ಕಾರು ಹಾದು ಹೋದರೆ ಅವತ್ತು ರಾತ್ರಿ ನಿದ್ದೆ ಇಲ್ಲ. ಆ ಹುಚ್ಚು ಹೋಗಲಿಲ್ಲ. ಹೊಸದು ಕೊಳ್ಳುವ ಶಕ್ತಿ ಇರಲಿಲ್ಲ, ಹಾಗಾಗಿ ಹಳೆಯದೇ ಗತಿ ಅಂತ ಶುರುವಾಯಿತು. ಈಗ ದುಡ್ಡು ಇದ್ದರೂ ನಾನು ಹಳೆಯದನ್ನೇ ಕೊಳ್ಳುತ್ತೇನೆ.

ಮೊದಲನೆಯದು 2005ರಲ್ಲಿ, ಫಿಯಟ್ ಪಾಲಿಯೊ 1.6 ಜಿಟಿಎಕ್ಸ್. ಪಾಲಿಯೊ ನಮ್ಮ ದೇಶಕ್ಕೆ ಬಂದದ್ದು 2001ರಲ್ಲಿ. ಸಾಮಾನ್ಯ ಪಾಲಿಯೊಗೆ 1.2 ಲೀಟರಿನ ಎಂಜಿನ್, ಜಿಟಿಎಕ್ಸ್‌ಗೆ 1.6 ಲೀಟರಿನದು, ಹತ್ತಿರ ಹತ್ತಿರ 100 ಕುದುರೆ ಶಕ್ತಿ. ಮಾರುತಿ 800ಕ್ಕೆ ನಲವತ್ತರ ಆಸುಪಾಸು ಇದ್ದ ಕಾಲ ಅದು. ಸ್ಪೋರ್ಟ್ಸ್ ಕಾರು ಅಂದರೆ ಎರಡೇ ಬಾಗಿಲು ಇರಬೇಕು ಅಂತ ವಾದ ಮಾಡುವವರಿದ್ದಾರೆ, ನಾನು ಆ ವಾದಕ್ಕೆ ಹೋಗುವುದಿಲ್ಲ. ಸ್ಟೇರಿಂಗ್ ಹಿಡಿದ ಕೈಗೆ ರಸ್ತೆಯ ಸುದ್ದಿ ತಲುಪಿಸುವ ಯಾವ ಕಾರಾದರೂ ನನ್ನ ಲೆಕ್ಕದಲ್ಲಿ ಸ್ಪೋರ್ಟ್ಸ್ ಕಾರೇ.

ಅದು 86,000 ಕಿಲೋಮೀಟರ್ ಓಡಿತ್ತು. ಮಾರಿದವರು ಒಬ್ಬ ಡಾಕ್ಟರು, ವಾರಕ್ಕೆ ಮೂರು ಊರು ತಿರುಗುವವರು. ಗೆಳೆಯರೆಲ್ಲ ಬೇಡ ಅಂದರು. ಆದರೆ ಡಾಕ್ಟರು ಕೀ ಜೊತೆಗೆ ಒಂದು 200 ಪುಟದ ನೋಟ್‌ಬುಕ್ ಕೊಟ್ಟರು. ಪೆಟ್ರೋಲ್ ಹಾಕಿಸಿದ ದಿನ, ಲೀಟರ್, ಮೀಟರಿನ ಅಂಕಿ. ಆಯಿಲ್ ಬದಲಾಯಿಸಿದ ದಿನಕ್ಕೆ ಕೆಂಪು ಗೆರೆ. ಕ್ಲಚ್ ಪ್ಲೇಟ್ ಹಾಕಿಸಿದ ದಿನಕ್ಕೆ ಎರಡು ಗೆರೆ. ಒಂದು ಕಡೆ ಮಾತ್ರ ‘ಬಲಗಡೆ ಮುಂದಿನ ಚಕ್ರದಲ್ಲಿ ಸಣ್ಣ ಸದ್ದು, ತಿರುವಿನಲ್ಲಿ ಮಾತ್ರ’ ಅಂತ ಬರೆದು, ನಾಲ್ಕು ದಿನ ಬಿಟ್ಟು ‘ಬೇರಿಂಗ್ ಹಾಕಿಸಿದೆ, ಸರಿಯಾಯಿತು’ ಅಂತ ಇತ್ತು. ರೋಗಿಯ ಕೇಸ್ ಶೀಟ್ ಬರೆದ ಹಾಗೆ. ಆ ಕಾರನ್ನು ನಾನು ಇನ್ನೂ ಅರವತ್ತು ಸಾವಿರ ಓಡಿಸಿದೆ. ಎಂಜಿನ್ ಬಿಚ್ಚುವ ಪ್ರಸಂಗವೇ ಬರಲಿಲ್ಲ. ಆ ನೋಟ್‌ಬುಕ್ಕಿನಲ್ಲಿ ಉಳಿದಿದ್ದ ಹಾಳೆಗಳನ್ನು ನಾನೇ ತುಂಬಿಸಿದೆ. ಮಾರುವಾಗ ಅದನ್ನೂ ಕಾರಿನ ಜೊತೆ ಕೊಟ್ಟುಬಿಟ್ಟೆ. ಅದು ಕಾರಿನ ಸ್ವತ್ತು, ನನ್ನದಲ್ಲ.

ಎರಡನೆಯದರ ಹೆಸರು ನಿಮ್ಮಲ್ಲಿ ಹೆಚ್ಚಿನವರು ಕೇಳಿರಲಿಕ್ಕಿಲ್ಲ. ಸ್ಯಾನ್ ಸ್ಟಾರ್ಮ್. ನಮ್ಮ ದೇಶದಲ್ಲೇ, ಗೋವಾದಲ್ಲಿ ತಯಾರಾದ, ಟಾಪ್ ತೆಗೆಯಬಹುದಾದ ಎರಡು ಸೀಟಿನ ಕಾರು. 1998ರಲ್ಲಿ ಬಂತು. ಬಾಡಿ ಪೂರ್ತಿ ಫೈಬರ್, ಎಂಜಿನ್ ರೆನೋದ 1.2 ಲೀಟರಿನದು, 60 ಕುದುರೆ ಶಕ್ತಿ. ಅರವತ್ತೇನಾ ಅನ್ನಬೇಡಿ. ಕಾರು ಹಗುರ, ಕೂರುವುದು ನೆಲದ ಹತ್ತಿರ, ತಲೆ ಮೇಲೆ ಆಕಾಶ. ಸಂಜೆ ಐದಕ್ಕೆ ಸಂತೇಬೆನ್ನೂರು ದಾಟಿ ಸೂಳೆಕೆರೆ ದಂಡೆಗೆ ಬಂದರೆ ಗಾಳಿಯಲ್ಲಿ ನೀರಿನ ತಂಪು, ಅಡಿಕೆ ತೋಟದ ವಾಸನೆ, ಅಲ್ಲಿ ಗಂಟೆಗೆ ಅರವತ್ತು ಕಿಲೋಮೀಟರಿನಲ್ಲಿ ಸಿಗುತ್ತಿದ್ದ ಖುಷಿ ಆಮೇಲೆ ಯಾವ ದೊಡ್ಡ ಕಾರಿನಲ್ಲೂ ನೂರರಲ್ಲಿ ಸಿಗಲಿಲ್ಲ ಅಂತ ಇವತ್ತಿಗೂ ಹೇಳುತ್ತೇನೆ.

ಇದು ನನಗೆ ಕಲಿಸಿದ್ದು ಬೇರೆ ಪಾಠ. ಬಿಡಿಭಾಗ ಸಿಗದ ಕಾರನ್ನು ಸಣ್ಣ ಊರಲ್ಲಿ ಇಟ್ಟುಕೊಳ್ಳೋಕೆ ಆಗಲ್ಲ ಅಂತಾರೆ. ನನ್ನ ಅನುಭವ ಉಲ್ಟಾ. ಬಟ್ಟೆಯ ಟಾಪ್ ಹರಿದಿತ್ತು. ಬೆಂಗಳೂರಲ್ಲಿ ಕೇಳಿದರೆ ಹೊಸದನ್ನು ಎಲ್ಲಿಂದ ತರೋದು ಅಂದರು. ನಮ್ಮ ಅಂಗಡಿ ಪಕ್ಕದಲ್ಲೇ ಟ್ರ್ಯಾಕ್ಟರಿಗೆ ಟಾಪ್, ಸೀಟಿಗೆ ಕುಷನ್ ಹೊಲಿಯುವವರಿದ್ದಾರೆ. ಅವರು ಹಳೆಯ ಟಾಪನ್ನು ಹೊಲಿಗೆ ಹೊಲಿಗೆ ಬಿಚ್ಚಿ, ಒಂದೊಂದು ತುಂಡನ್ನೂ ನೆಲದ ಮೇಲೆ ಹರಡಿ, ರಟ್ಟಿನಲ್ಲಿ ಅಳತೆ ತೆಗೆದುಕೊಂಡು, ದಪ್ಪ ಕ್ಯಾನ್ವಾಸಿನಲ್ಲಿ ಹೊಸದು ಹೊಲಿದರು. ಹೊಲಿಗೆ ಮೇಲೆ ಮೇಣ ಸವರಿದರು, ಮಳೆ ನೀರು ಸೂಜಿ ತೂತಿನಿಂದ ಇಳಿಯಬಾರದು ಅಂತ. ಮೂರು ಮಳೆಗಾಲ ಕಂಡರೂ ಒಂದು ಹನಿ ಒಳಗೆ ಬರಲಿಲ್ಲ. ಮುಂದಿನ ಬಂಪರ್ ಒಡೆದಾಗ ಲಾರಿ ಕ್ಯಾಬಿನ್ನಿಗೆ ಫೈಬರ್ ಟಾಪ್ ಮಾಡುವವರು ಎರಡು ದಿನದಲ್ಲಿ ಕೂರಿಸಿಕೊಟ್ಟರು. ಫೈಬರಿಗೆ ಟಿಂಕರಿಂಗ್ ಇಲ್ಲ, ತುಕ್ಕೂ ಇಲ್ಲ. ಒಡೆದರೆ ಹಿಂದಿನಿಂದ ಫೈಬರ್ ಮ್ಯಾಟ್ ಇಟ್ಟು ರೆಸಿನ್ ಅನ್ನೋ ಅಂಟು ಹಚ್ಚಬೇಕು, ಉಜ್ಜಬೇಕು, ಅಷ್ಟೇ.

ಮೂರನೆಯದು 2013ರಲ್ಲಿ ನಾನು ಕೊಂಡ ಹಳೆಯ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. ನೋಡೋಕೆ ಮನೆಮಂದಿ ಕೂರುವ ಕಾರು. ಒಳಗೆ 1.8 ಲೀಟರ್ ಟರ್ಬೊ, ನಾಲ್ಕು ಸಿಲಿಂಡರಿಗೆ 20 ವಾಲ್ವು, ಅಂದರೆ ಒಂದೊಂದಕ್ಕೆ ಐದು, 150 ಕುದುರೆ ಶಕ್ತಿ. ಓಡಿದ್ದು 1,38,000. ಹಿಂದಿನ ಮಾಲೀಕರು ಪ್ರತಿ ವಾರ ಬೆಂಗಳೂರಿನಿಂದ ಬೆಳಗಾವಿಗೆ ಹೋಗಿಬರುತ್ತಿದ್ದರು, ಅಂದರೆ ಆ ಲಕ್ಷದಲ್ಲಿ ಮುಕ್ಕಾಲು ಪಾಲು ಹೆದ್ದಾರಿಯದ್ದು. ಬಿಸಿಯಾದ ಎಂಜಿನ್, ಐದನೇ ಗೇರು, ಒಂದೇ ಸಮನೆ ಓಟ. ಎಂಜಿನ್ನಿಗೆ ಇದಕ್ಕಿಂತ ಸುಖದ ಜೀವನ ಇಲ್ಲ. ಪಿಸ್ಟನ್ನು, ವಾಲ್ವುಗಳನ್ನು ಒಂದೇ ತಾಳದಲ್ಲಿ ಓಡಿಸುವ ಟೈಮಿಂಗ್ ಬೆಲ್ಟ್ ಬದಲಾಯಿಸಿದ್ದಕ್ಕೆ ಬಿಲ್ಲು ಇತ್ತು. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಬೆಲ್ಟ್ ಅನ್ನೋದು ರಬ್ಬರ್. ಅದಕ್ಕೆ ಕಿಲೋಮೀಟರಿನ ಆಯಸ್ಸೂ ಇದೆ, ವರ್ಷದ ಆಯಸ್ಸೂ ಇದೆ. ಎಂಟು ವರ್ಷದಲ್ಲಿ ಇಪ್ಪತ್ತೇ ಸಾವಿರ ಓಡಿದೆ, ಬೆಲ್ಟ್ ಯಾಕೆ ಬದಲಾಯಿಸಬೇಕು ಅನ್ನುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಇಂಥ ಎಂಜಿನ್ನಿನಲ್ಲಿ ಬೆಲ್ಟ್ ಹರಿದರೆ ಪಿಸ್ಟನ್ನು ಹೋಗಿ ವಾಲ್ವಿಗೆ ಗುದ್ದುತ್ತದೆ. ಅಲ್ಲಿಗೆ ಎಂಜಿನ್ನಿನ ಹೆಡ್ ಬಿಚ್ಚುವ ದೊಡ್ಡ ಕೆಲಸ.

ಟರ್ಬೊ, ಅಂದರೆ ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಸಾಧನ, ಅದರ ಬಗ್ಗೆಯೂ ಒಂದು ಮಾತು. ಜೋರು ಓಟದಲ್ಲಿ ಅದರ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಮೇಲೆ ಸುತ್ತುತ್ತದೆ, ಅದರ ಬೇರಿಂಗಿಗೆ ಆಧಾರ ಎಂಜಿನ್ ಆಯಿಲ್ ಒಂದೇ. ಹೆಬ್ಬಾಳು ಟೋಲ್ ದಾಟಿ ಏರು ಹತ್ತಿ ಬಂದು ಮನೆ ಮುಂದೆ ನಿಲ್ಲಿಸಿದ ತಕ್ಷಣ ಕೀ ತಿರುಗಿಸಿದರೆ ಆಯಿಲ್ ಓಟ ನಿಂತು, ಅಲ್ಲೇ ಬೆಂದು ಕರಿಯಾಗುತ್ತದೆ. ಕೊನೆಯ ಎರಡು ಕಿಲೋಮೀಟರ್ ನಿಧಾನ ಬನ್ನಿ, ಇಲ್ಲ ಒಂದು ನಿಮಿಷ ಐಡಲ್‌ನಲ್ಲಿ ಬಿಡಿ. ನಾನು 2,10,000ಕ್ಕೆ ಮಾರಿದಾಗಲೂ ಅದೇ ಟರ್ಬೊ ಇತ್ತು.

ಈಗ ನಾಲ್ಕನೆಯದು. ಇದರ ಹೆಸರು ಹೇಳುವುದಿಲ್ಲ, ಯಾಕಂದರೆ ತಪ್ಪು ಕಾರಿನದಲ್ಲ, ಅದನ್ನು ನಿಲ್ಲಿಸಿಟ್ಟವರದು. 2008ರ ಮಾಡೆಲ್, ಎರಡು ಸೀಟು, ಬಟ್ಟೆಯ ಟಾಪ್. 2017ರಲ್ಲಿ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನೋಡಿದೆ. ಮೀಟರಿನಲ್ಲಿ 14,200. ಪೇಂಟು ಕನ್ನಡಿ. ಸೀಟಿನಲ್ಲಿ ಹೊಸ ಚರ್ಮದ ವಾಸನೆ ಇನ್ನೂ ಹೋಗಿರಲಿಲ್ಲ. ಒಂಬತ್ತು ವರ್ಷದ ಕಾರು, ಹದಿನಾಲ್ಕು ಸಾವಿರ! ಲಾಟರಿ ಹೊಡೆಯಿತು ಅಂದುಕೊಂಡೆ. ನೋಟ್‌ಬುಕ್ ಇದೆಯಾ ಅಂತ ಕೇಳಲೇ ಇಲ್ಲ. ಡಾಕ್ಟರಿಂದ ಕಲಿತದ್ದನ್ನು ಆ ಒಂದು ಸಲ ಮರೆತೆ.

ದಾವಣಗೆರೆಗೆ ಓಡಿಸಿಕೊಂಡು ಬರುವಾಗ ಚಿತ್ರದುರ್ಗದವರೆಗೂ ಸರಿಯಿತ್ತು. ಭರಮಸಾಗರದ ಹತ್ತಿರ ಮಳೆ ಶುರುವಾಯಿತು, ದೊಡ್ಡ ಮಳೆಯೇನಲ್ಲ, ರಸ್ತೆ ಒದ್ದೆಯಾಗುವಷ್ಟು. ಮುಂದೆ ಲಾರಿಯೊಂದು ಬ್ರೇಕ್ ಹಾಕಿತು, ನಾನೂ ಹಾಕಿದೆ. ಸ್ಪೀಡು ಎಂಬತ್ತರೊಳಗೇ ಇತ್ತು. ಕಾರು ನಿಲ್ಲಲಿಲ್ಲ. ಸೋಪು ಹಚ್ಚಿದ ಬಂಡೆ ಮೇಲೆ ಜಾರಿದ ಹಾಗೆ ಜಾರಿತು, ಅರ್ಧ ಸುತ್ತು ತಿರುಗಿತು, ಬಂದ ದಾರಿಗೇ ಮುಖ ಮಾಡಿ ಡಿವೈಡರ್ ಪಕ್ಕ ನಿಂತಿತು. ಹಿಂದೆ ಗಾಡಿ ಇರಲಿಲ್ಲ. ಇದ್ದಿದ್ದರೆ ಇವತ್ತು ಈ ಮಾತು ಇರುತ್ತಿರಲಿಲ್ಲ.

ಮಳೆಯಲ್ಲೇ ಇಳಿದು ಟೈರ್ ನೋಡಿದೆ. ಗಟ್ಟು, ಅಂದರೆ ಟೈರಿನ ಮೇಲಿನ ಕಚ್ಚು, ಹೊಸದರ ಹಾಗೆ ಆಳವಾಗಿತ್ತು. ಉಗುರು ಒತ್ತಿದರೆ ಇಳಿಯಲಿಲ್ಲ, ಮರದ ಹಾಗೆ ಗಟ್ಟಿ. ಟೈರಿನ ಪಕ್ಕದಲ್ಲಿ ಒಂದು ಉದ್ದನೆಯ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತದೆ, ನಿಮ್ಮ ಬೈಕಿನ ಟೈರಿನಲ್ಲೂ ಇರುತ್ತದೆ, ಇವತ್ತೇ ಹೋಗಿ ನೋಡಿ. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. ನನ್ನ ಕಾರಿನದರಲ್ಲಿ 2208 ಅಂತ ಇತ್ತು. 2008ರ 22ನೇ ವಾರ. ಕಂಪನಿಯಿಂದ ಬಂದಾಗ ಹಾಕಿದ್ದ ಟೈರು, ಒಂಬತ್ತು ವರ್ಷ ನಿಂತ ಕಡೆಯೇ ನಿಂತು ಕಲ್ಲಾಗಿತ್ತು. ಸವೆದ ಟೈರು ಕಣ್ಣಿಗೆ ಕಾಣುತ್ತದೆ, ನಾವು ಹುಷಾರಾಗುತ್ತೇವೆ. ನಿಂತು ಸತ್ತ ಟೈರು ಕಾಣುವುದಿಲ್ಲ. ಅವತ್ತಿಂದ ಐದಾರು ವರ್ಷ ದಾಟಿದ ಟೈರನ್ನು, ಗಟ್ಟು ಎಷ್ಟೇ ಇರಲಿ, ನಾನು ಇಟ್ಟುಕೊಳ್ಳುವುದಿಲ್ಲ.

ಆಮೇಲೆ ಒಂದೊಂದೇ ಹೊರಗೆ ಬಂತು. ಟ್ಯಾಂಕಿನ ತಳದಲ್ಲಿದ್ದ ಪೆಟ್ರೋಲು ಹಳೆ ವಾರ್ನಿಷ್ ವಾಸನೆ ಹೊಡೆಯುತ್ತಿತ್ತು, ಇಂಜೆಕ್ಟರ್ ತುದಿಯಲ್ಲಿ ಅಂಟು. ಕೂಲಂಟ್ ಪೈಪುಗಳನ್ನು ಬಗ್ಗಿಸಿದರೆ ಸಣ್ಣ ಸಣ್ಣ ಬಿರುಕು. ಎಂಜಿನ್ ಮೇಲಿನ ಸ್ಪಂಜಿನ ಹೊದಿಕೆಯಲ್ಲಿ ಇಲಿ ಗೂಡು, ಅದರ ಪಕ್ಕದಲ್ಲೇ ಕಡಿದ ವೈರು. ಸಸ್ಪೆನ್ಷನ್ನಿನಿಂದ ಕಿರ್ ಕಿರ್ ಸದ್ದು.

ಆ ಸದ್ದಿಗೆ ಮದ್ದು ಸಿಕ್ಕಿದ್ದು ಹರಿಹರದಲ್ಲಿ. ಹರಿಹರದ ಮೈಸೂರು ಕಿರ್ಲೋಸ್ಕರ್ ನಿಮಗೆ ಗೊತ್ತಿರಬೇಕು, 1941ರಲ್ಲಿ ಶುರುವಾದ ಕಾರ್ಖಾನೆ, ದೇಶಕ್ಕೆಲ್ಲ ಲೇತ್ ಮಾಡಿ ಕಳಿಸಿದ ಊರು ಅದು. ಕಾರ್ಖಾನೆ ಮುಚ್ಚಿ ವರ್ಷಗಳಾದವು, ಅಲ್ಲಿ ಕೈ ಪಳಗಿಸಿಕೊಂಡವರು ಮಾತ್ರ ಇದ್ದಾರೆ. ಅಂಥ ಒಬ್ಬರು ಹಿರಿಯರು ಮನೆ ಹಿಂದೆ ಶೀಟಿನ ಶೆಡ್ಡಿನಲ್ಲಿ ಒಂದು ಲೇತ್ ಇಟ್ಟುಕೊಂಡಿದ್ದಾರೆ. ನಾನು ಸಸ್ಪೆನ್ಷನ್ನಿನ ಕೀಲಿನೊಳಗೆ ಕೂರುವ ಹಳೆಯ ಬುಷ್ ಬಿಚ್ಚಿಕೊಂಡು ಹೋಗಿ ಅವರ ಕೈಗೆ ಕೊಟ್ಟೆ. ಅವರು ಅಳತೆಯ ವರ್ನಿಯರ್ ತಕ್ಷಣ ತೆಗೆಯಲೇ ಇಲ್ಲ. ಮೊದಲು ಬೆಳಕಿಗೆ ಹಿಡಿದು ತಿರುಗಿಸಿದರು, ಹೆಬ್ಬೆರಳಿನಿಂದ ಒಳಗಿನ ಅಂಚನ್ನು ಸವರಿದರು, ಮೂಗಿನ ಹತ್ತಿರ ತಂದು ಮೂಸಿದರು.

“ಯಜಮಾನ್ರೆ, ಇದು ಸವೆದಿಲ್ಲ” ಅಂದರು. “ನಿಂತು ನಿಂತು ಸೆಟೆದಿದೆ. ಆಡದ ಕೀಲು ಹಿಡಿಯುತ್ತದೆ, ಮನುಷ್ಯನ ಮೊಣಕಾಲು ಹೇಗೋ ಹಾಗೆ.”

ಆಮೇಲೆ ಅಳತೆ ತೆಗೆದರು. ಬಿಳಿ ನೈಲಾನ್ ರಾಡು ಹಿಡಿಸಿ, ಒಂದು ಸಲಕ್ಕೆ ಕೂದಲೆಳೆಯಷ್ಟೇ ತೆಗೆಯುತ್ತಾ, ಮಧ್ಯೆ ಮಧ್ಯೆ ನಿಲ್ಲಿಸಿ ಬೋಲ್ಟು ತೂರಿಸಿ ನೋಡುತ್ತಾ ನಾಲ್ಕು ಬುಷ್ ಮಾಡಿಕೊಟ್ಟರು. ನೈಲಾನ್ ಸುರುಳಿ ಸುರುಳಿಯಾಗಿ ಅವರ ಕಾಲ ಬಳಿ ಬಿದ್ದು ಗುಡ್ಡೆಯಾಯಿತು. ಹೊಟ್ಟೆಗೆ ಮಂಡಕ್ಕಿ ಮಿರ್ಚಿ ತರಿಸಿಕೊಟ್ಟು, ಎರಡು ಗಂಟೆ ನಾನು ಸುಮ್ನೆ ನಿಂತು ನೋಡಿದೆ. ನೀವು ಇಲ್ಲಿ ಲ್ಯಾಬಿನಲ್ಲಿ ಲೇತ್ ಮುಟ್ಟುತ್ತೀರಲ್ಲ, ದಯವಿಟ್ಟು ಒಂದು ಭಾನುವಾರ ಹರಿಹರಕ್ಕೆ ಹೋಗಿ ಇಂಥವರ ಪಕ್ಕ ನಿಂತು ನೋಡಿ. ಇನ್ನು ಹತ್ತು ವರ್ಷ ಕಳೆದರೆ ಆ ಕೈಗಳು ಸಿಗುವುದಿಲ್ಲ.

ಆ ಕಾರಿಗೆ ಕೊಂಡ ಬೆಲೆಯ ಅರ್ಧದಷ್ಟು ಮತ್ತೆ ಹಾಕಿದೆ. ಟೈರು, ಪೈಪು, ಬೆಲ್ಟು, ಸೀಲು, ಬ್ಯಾಟರಿ, ಇಂಜೆಕ್ಟರ್ ಕ್ಲೀನಿಂಗು, ವೈರಿಂಗು. ಆಮೇಲೆ ಓಡಿಸಿದೆ. ವಾರ ವಾರ ಓಡಿಸಿದೆ. ನನ್ನ ಹೆಂಡತಿಯ ತವರು ಚಿತ್ರದುರ್ಗ, ಇಲ್ಲಿಂದ ಅರವತ್ತು ಕಿಲೋಮೀಟರು. ಪ್ರತಿ ಭಾನುವಾರ ಅವಳೇ ಓಡಿಸಿಕೊಂಡು ಹೋಗುತ್ತಿದ್ದಳು, ಬರುವಾಗ ನಾನು. ಕೋಟೆಯ ಬಂಡೆಗಳು, ಗುಡ್ಡದ ಮೇಲಿನ ಗಾಳಿಯಂತ್ರಗಳು ಕಂಡರೆ ಅವಳು ಟಾಪ್ ತೆಗೆಯುತ್ತಿದ್ದಳು. ಎಂಟು ಹತ್ತು ತಿಂಗಳಲ್ಲಿ ಕಾರು ತಾನಾಗೇ ಬದಲಾಯಿತು. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಇದ್ದ ನಡುಕ ಹೋಯಿತು, ಗೇರು ಬೆಣ್ಣೆಯಂತೆ ಬೀಳತೊಡಗಿತು. 14,000ದಲ್ಲಿ ಮುದುಕನಂತಿದ್ದ ಕಾರು 50,000ದಲ್ಲಿ ಹುಡುಗನಾಗಿತ್ತು. ಆಗ ಮಾರಿದೆ, ನಾನು ಬರೆದ ನೋಟ್‌ಬುಕ್ಕಿನ ಜೊತೆ.

ಐದನೆಯದು ಹೊರಗೆ ನಿಂತಿದೆ, ಬರುವಾಗ ನೋಡಿದ್ದೀರಿ. ಪೋರ್ಷೆ ಬಾಕ್ಸ್‌ಟರ್, 2010ರ ಮಾಡೆಲ್. ಬಾಕ್ಸರ್ ಎಂಜಿನ್ನಿನ ರೋಡ್‌ಸ್ಟರ್, ಎರಡೂ ಸೇರಿ ಬಾಕ್ಸ್‌ಟರ್. 2.9 ಲೀಟರ್, ಆರು ಸಿಲಿಂಡರ್, 255 ಕುದುರೆ ಶಕ್ತಿ. ಸಿಲಿಂಡರ್‌ಗಳು ನಿಂತಿಲ್ಲ, ಆ ಕಡೆ ಮೂರು ಈ ಕಡೆ ಮೂರು ಮಲಗಿವೆ. ಹಾಗಾಗಿ ಭಾರ ನೆಲದ ಹತ್ತಿರ. ಮುಂದಿನ ಬಾನೆಟ್ ತೆಗೆದರೂ ಡಿಕ್ಕಿ, ಹಿಂದೆ ತೆಗೆದರೂ ಡಿಕ್ಕಿ. ಎಂಜಿನ್ ಸೀಟಿನ ಹಿಂದೆ, ಹಿಂದಿನ ಅಚ್ಚಿನ ಮುಂದೆ, ಮಧ್ಯದಲ್ಲಿ ಅಡಗಿ ಕೂತಿದೆ. ದೊಡ್ಡ ಕೆಲಸಕ್ಕೆಲ್ಲ ಕೆಳಗಿನಿಂದಲೇ ಕೈ ಹಾಕಬೇಕು.

ಯಾಕೆ ಮಧ್ಯದಲ್ಲಿ? ಇಲ್ಲಿ ಎತ್ತಿನ ಗಾಡಿ ಹೂಡಿದ ಮನೆಯವರು ಎಷ್ಟು ಜನ ಇದ್ದೀರಿ? ಗಾಡಿಗೆ ಜೋಳದ ಚೀಲ ಹೇರುವಾಗ ನಿಮ್ಮ ಅಜ್ಜ ಏನು ನೋಡುತ್ತಿದ್ದರು ಹೇಳಿ. ಭಾರ ಮುಂದಾದರೆ ಎತ್ತಿನ ಹೆಗಲು ಬಗ್ಗುತ್ತದೆ, ಹಿಂದಾದರೆ ಮೂಕಿ ಮೇಲೇಳುತ್ತದೆ. ಅವರು ಚೀಲಗಳನ್ನು ಅಚ್ಚಿನ ಹತ್ತಿರ ಕೂರಿಸುತ್ತಿದ್ದರು, ಅಲ್ವಾ? ಇನ್ನೊಂದು ಸಂಗತಿ. ಎರಡೂ ಕೈಯಲ್ಲಿ ನೀರಿನ ಬಕೆಟ್ ಹಿಡಿದು, ಕೈ ಚಾಚಿ ಗಿರ್ ಅಂತ ತಿರುಗಿ ನೋಡಿ. ಆಮೇಲೆ ಎದೆಗೆ ಅವುಚಿಕೊಂಡು ತಿರುಗಿ. ಪೋಲಾರ್ ಮೊಮೆಂಟ್ ಆಫ್ ಇನರ್ಷಿಯಾ ಅಂತ ನೀವು ಪರೀಕ್ಷೆಗೆ ಬರೆಯುತ್ತೀರಲ್ಲ, ಅದು ಇದೇ. ಭಾರ ನಡುವಿಗಿದ್ದರೆ ಕಾರು ಬೇಗ ತಿರುಗುತ್ತದೆ, ಕೈ ಅಲ್ಲಾಡಿಸಿದರೆ ಸಾಕು.

ಬೇಗ ತಿರುಗುವ ಕಾರು ಬೇಗ ಹಿಂದುಮುಂದೂ ಆಗುತ್ತದೆ. ತಿರುವಿನ ನಡುವೆ ಹೆದರಿ ಆಕ್ಸಿಲರೇಟರ್ ಮೇಲಿಂದ ಥಟ್ಟನೆ ಕಾಲು ತೆಗೆದರೆ ಭಾರ ಮುಂದಕ್ಕೆ ಜಾರುತ್ತದೆ, ಹಿಂದಿನ ಟೈರಿನ ಹಿಡಿತ ಸಡಿಲವಾಗಿ ಬಾಲ ಬೀಸುತ್ತದೆ. ಇದನ್ನು ನಾನು ರಸ್ತೆಯಲ್ಲಿ ಕಲಿಯಲಿಲ್ಲ. ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈನಲ್ಲಿ ರೇಸ್ ಟ್ರ್ಯಾಕ್ ಇದೆ, ಸುಮಾರು 3.7 ಕಿಲೋಮೀಟರ್ ಸುತ್ತು. ಅಲ್ಲಿ ಪಕ್ಕದಲ್ಲಿ ಕಲಿಸುವವರನ್ನು ಕೂರಿಸಿಕೊಂಡು ಕಲಿತೆ. ಒಂದು ತಿರುವನ್ನು ಇಪ್ಪತ್ತು ಸಲ ಮಾಡಿಸಿದರು. ಮೊದಲೇ ಬ್ರೇಕ್ ಮುಗಿಸು, ಆಮೇಲೆ ತಿರುಗು, ತಿರುಗುವಾಗ ಕಾಲು ಅಲ್ಲಾಡಿಸಬೇಡ. ವೇಗದ ಆಸೆ ಇದ್ದರೆ ಅಂಥ ಕಡೆ ಹೋಗಿ. ನಮ್ಮ ಹೆದ್ದಾರಿಯಲ್ಲಿ ಎದುರಿನಿಂದ ರಾಂಗ್ ಸೈಡಿನಲ್ಲಿ ಟ್ರ್ಯಾಕ್ಟರ್ ಬರುತ್ತದೆ. ಅದರ ಬಿಡಿಭಾಗ ಮಾರುವವನು ನಾನು, ನನಗೆ ಗೊತ್ತು. ಬಾಕ್ಸ್‌ಟರ್ ಅನ್ನು ಹೆದ್ದಾರಿಯಲ್ಲಿ ನಾನು ನೂರರ ಮೇಲೆ ಓಡಿಸುವುದಿಲ್ಲ.

ಇದನ್ನು ಕೊಳ್ಳುವಾಗಲೂ ನಿಂತದ್ದೆಷ್ಟು, ಓಡಿದ್ದೆಷ್ಟು ಅನ್ನೋದೇ ನಿರ್ಧಾರ ಮಾಡಿತು. ಈ ಜಾತಿಯ ಕಾರಿನ 2008ರವರೆಗಿನ ಎಂಜಿನ್ನುಗಳಲ್ಲಿ ಇಂಟರ್‌ಮೀಡಿಯೇಟ್ ಶಾಫ್ಟ್ ಅಂತ, ವಾಲ್ವು ತೆರೆಯುವ ಭಾಗಕ್ಕೆ ಓಟ ತಲುಪಿಸುವ ಒಂದು ದಂಡ ಇದೆ. ಅದರ ಬೇರಿಂಗ್ ಹೋದರೆ ಎಂಜಿನ್ನೇ ಹೋದ ಹಾಗೆ. ಎಲ್ಲದರಲ್ಲೂ ಹೋಗಲ್ಲ. ಕಡಿಮೆ ಓಡಿಸಿ, ಆಯಿಲ್ ಬದಲಾಯಿಸದೆ ನಿಲ್ಲಿಸಿದ ಕಾರುಗಳಿಗೆ ಅಪಾಯ ಜಾಸ್ತಿ ಅಂತ ಇವನ್ನು ಬಿಚ್ಚಿ ಜೋಡಿಸುವವರು ಹೇಳುತ್ತಾರೆ. 2009ರಿಂದ ಬಂದ ಹೊಸ ಎಂಜಿನ್ನಿನಲ್ಲಿ ಆ ಶಾಫ್ಟೇ ಇಲ್ಲ. ಹಾಗಾಗಿ 2009ರ ನಂತರದ್ದೇ ಬೇಕು ಅಂತ ಎರಡು ವರ್ಷ ಕಾದೆ. 2021ರಲ್ಲಿ ಬೆಂಗಳೂರಲ್ಲಿ ಎರಡು ಸಿಕ್ಕವು. ಒಂದು 19,000 ಓಡಿದ್ದು, ಇನ್ನೊಂದು 61,000. ಅರವತ್ತೊಂದರದಕ್ಕೆ ಬಿಲ್ಲುಗಳ ಫೈಲು ಇತ್ತು, ಟೈರಿನ ಅಂಕಿ ಹಿಂದಿನ ವರ್ಷದ್ದು. ಬೆಲೆಯೂ ಕಡಿಮೆ. ಬ್ರೋಕರ್ ಹತ್ತೊಂಬತ್ತರದನ್ನೇ ತಗೊಳ್ಳಿ ಸಾರ್ ಅಂತ ತುಂಬಾ ಹೇಳಿದರು. ನಾನು ಅರವತ್ತೊಂದರದನ್ನು ತಂದೆ. ಈಗ 94,000 ಆಗಿದೆ.

ಕಾಗದದ ವಿಷಯ ಬೇಗ ಮುಗಿಸುತ್ತೇನೆ. ದೆಹಲಿಯಲ್ಲಿ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಾಡಿಗಳಿಗೆ ತಡೆ ಹಾಕಿದ್ದರಿಂದ ಆ ಕಡೆಯ ಕಾರುಗಳು ಅಗ್ಗಕ್ಕೆ ಸಿಗುತ್ತವೆ. ಬೆಲೆ ನೋಡಿ ಹಾರಬೇಡಿ. ಬೇರೆ ರಾಜ್ಯದ ಗಾಡಿಯನ್ನು ಇಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಇಟ್ಟುಕೊಳ್ಳಬೇಕಾದರೆ ಆ ಕಡೆಯ ಆರ್‌ಟಿಒದಿಂದ ಅಭ್ಯಂತರ ಇಲ್ಲ ಅನ್ನುವ ಎನ್‌ಒಸಿ ತಂದು ಇಲ್ಲಿನ ನಂಬರ್ ಹಾಕಿಸಬೇಕು, ನಮ್ಮ ರಾಜ್ಯದ ಲೈಫ್ ಟ್ಯಾಕ್ಸ್ ಕಟ್ಟಬೇಕು, ಅದು ದೇಶದಲ್ಲೇ ಜಾಸ್ತಿ ಇರುವ ಕಡೆಗಳಲ್ಲಿ ಒಂದು. ಇನ್ನು 15 ವರ್ಷ ತುಂಬಿದ ಕಾರಿಗೆ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಮಾಡಿಸಿ ಐದೈದು ವರ್ಷಕ್ಕೆ ರಿಜಿಸ್ಟ್ರೇಷನ್ ರಿನ್ಯೂ ಮಾಡಿಸಬೇಕು. 2022ರ ಏಪ್ರಿಲ್‌ನಿಂದ ಅದರ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಆಮದು ಕಾರಿಗೆ 40,000 ಆಯಿತು. ಹದಿನಾಲ್ಕು ವರ್ಷದ ವಿದೇಶಿ ಕಾರು ಕೊಳ್ಳುವವರು ಇದನ್ನೂ ಬೆಲೆಯಲ್ಲಿ ಸೇರಿಸಿಕೊಳ್ಳಿ.

ಪೆಟ್ರೋಲಿನ ಮಾತನ್ನು ಅವತ್ತು ಬಿಟ್ಟಿದ್ದೆ. ಈಗ ಬಂಕಿನಲ್ಲಿ ಬರುವುದು ಇ20, ನೂರಕ್ಕೆ ಇಪ್ಪತ್ತು ಪಾಲು ಎಥನಾಲ್. ಕಬ್ಬಿನಿಂದ, ಅಕ್ಕಿಯಿಂದ, ನಮ್ಮ ಕಡೆ ಬೆಳೆಯುವ ಮೆಕ್ಕೆಜೋಳದಿಂದಲೂ ಅದನ್ನು ಮಾಡುತ್ತಾರೆ. ರೈತರಿಗೆ ಬೆಲೆ ಸಿಕ್ಕರೆ ನನಗೆ ಸಂತೋಷವೇ, ನನ್ನ ಅಂಗಡಿ ನಡೆಯುವುದೂ ಅವರಿಂದ. ಆದರೆ ಹಳೆಯ ಕಾರಿನ ರಬ್ಬರ್ ಪೈಪು, ಸೀಲುಗಳನ್ನು ಇದಕ್ಕೆ ಅಂತ ಮಾಡಿರಲಿಲ್ಲ. ಎಥನಾಲ್ ಗಾಳಿಯ ತೇವ ಹೀರುತ್ತದೆ. ಟ್ಯಾಂಕ್ ತುಂಬಿಸಿ ಎರಡು ತಿಂಗಳು ನಿಲ್ಲಿಸಿದರೆ ಆ ತೇವ ಟ್ಯಾಂಕಿನಲ್ಲೇ ಉಳಿಯುತ್ತದೆ. ನಾನು ಮಾಡಿರುವುದು ಇಷ್ಟು. ಪೆಟ್ರೋಲ್ ಪೈಪುಗಳನ್ನು ಎಥನಾಲ್ ತಡೆಯುವ ಜಾತಿಯದಕ್ಕೆ ಬದಲಾಯಿಸಿದೆ, ವರ್ಷಕ್ಕೊಮ್ಮೆ ಮುಟ್ಟಿ ನೋಡುತ್ತೇನೆ, ಮತ್ತೆ ಹಾಕಿಸಿದ ಪೆಟ್ರೋಲನ್ನು ಹದಿನೈದು ದಿನದೊಳಗೆ ಓಡಿಸಿ ಖಾಲಿ ಮಾಡುತ್ತೇನೆ.

ಇನ್ನೊಂದು, ನಮ್ಮ ಕಡೆಯವರಿಗೆ ಮಾತ್ರ ಹೇಳಬೇಕಾದ ಮಾತು. ಸುಗ್ಗಿಯಲ್ಲಿ ರಾಗಿ, ಹುರುಳಿ ಒಕ್ಕೋಕೆ ರಸ್ತೆ ಮೇಲೆ ಹರಡಿರುತ್ತಾರೆ. ಎತ್ತರದ ಗಾಡಿಗಳೇ ಅದರ ಮೇಲೆ ಹೋಗಿ ಸಿಕ್ಕಿಹಾಕಿಕೊಳ್ಳುತ್ತವೆ. ತಗ್ಗಿನ ಕಾರಿಗೆ ಅದು ಬೆಂಕಿ. ಹುರುಳಿ ಬಳ್ಳಿ ಶಾಫ್ಟಿಗೆ ಹಗ್ಗದ ಹಾಗೆ ಸುತ್ತುತ್ತದೆ, ಕೆಳಗಿನ ಸೈಲೆನ್ಸರ್ ಪೈಪು, ಕ್ಯಾಟಲಿಟಿಕ್ ಕನ್ವರ್ಟರ್ ಕೆಂಡದಂತೆ ಕಾದಿರುತ್ತವೆ. ಒಣ ಹುಲ್ಲು ತಾಗಿದರೆ ಹೊತ್ತಿಕೊಳ್ಳೋಕೆ ಎಷ್ಟು ಹೊತ್ತು? ದೂರದಲ್ಲಿ ಕಂಡ ತಕ್ಷಣ ನಿಲ್ಲಿಸಿ, ಇಳಿದು ಹೋಗಿ ಕೇಳಿ. “ಅಣ್ಣ, ಒಂಚೂರು ದಾರಿ ಮಾಡಿಕೊಡ್ತೀರಾ” ಅಂದರೆ ಯಾರೂ ಇಲ್ಲ ಅನ್ನುವುದಿಲ್ಲ. ಒಂದು ಸಲ ಹೊಳಲ್ಕೆರೆ ರಸ್ತೆಯಲ್ಲಿ ಒಬ್ಬ ಅಜ್ಜಿ ಹಾಗೆ ದಾರಿ ಮಾಡಿಕೊಟ್ಟು, ಕಾರಿನ ಸುತ್ತ ಒಂದು ಸುತ್ತು ಬಂದು, “ಇಷ್ಟು ತಗ್ಗಿ ಕೂತಿದ್ಯಲ್ಲಪ್ಪ, ಬೆನ್ನು ನೋಯಲ್ವಾ” ಅಂತ ಕೇಳಿದರು. ಕೂತು ನೋಡಿ ಅಜ್ಜಿ ಅಂದೆ. ಸೆರಗು ಸರಿ ಮಾಡಿಕೊಂಡು ಕೂತರು. ಅವರ ತೋಟದವರೆಗೆ ಹೋಗಿ ಬಿಟ್ಟು ಬಂದೆ.

ಪ್ರಶ್ನೆ ಕೇಳುವ ಹೊತ್ತಿನಲ್ಲಿ ಕೊನೆಯ ಬೆಂಚಿನ ಹುಡುಗಿ ಎದ್ದು ನಿಂತು, ಮೂರು ಲಕ್ಷದಲ್ಲಿ ಏನು ಕೊಳ್ಳಲಿ ಸಾರ್ ಅಂದಳು. ಕಾರಿಗೆ ಎರಡು ಲಕ್ಷ ಇಡಮ್ಮ, ಒಂದು ಲಕ್ಷ ಮೊದಲ ವರ್ಷದ ಖರ್ಚಿಗೆ ಬ್ಯಾಂಕಿನಲ್ಲೇ ಇರಲಿ ಅಂದೆ. ಎರಡು ಲಕ್ಷಕ್ಕೆ ಹತ್ತು ಹನ್ನೆರಡು ವರ್ಷದ, ಚೆನ್ನಾಗಿ ತಿರುಗುವ ಸಣ್ಣ ಹ್ಯಾಚ್‌ಬ್ಯಾಕ್ ಸಿಗುತ್ತದೆ. ದಿನಾ ಕೆಲಸಕ್ಕೆ ಓಡಿಸಿದವರ ಹತ್ತಿರ ಹುಡುಕು. ನೋಡೋಕೆ ಹೋಗುವ ದಿನ ಬೆಳಗ್ಗೆ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳು, ತಣ್ಣಗಿರುವ ಎಂಜಿನ್ ಸುಳ್ಳು ಹೇಳುವುದಿಲ್ಲ. ಬಾನೆಟ್ ಮೇಲೆ ಕೈ ಇಟ್ಟು ನೋಡು, ಬೆಚ್ಚಗಿದ್ದರೆ ಯಾಕೆ ಅಂತ ಕೇಳು. ಆಯಿಲ್ ಮುಚ್ಚಳ ತೆಗೆದು ಒಳಗೆ ಹಾಲಿನ ಕೆನೆಯಂಥದ್ದು ಇದೆಯಾ ನೋಡು, ಇದ್ದರೆ ಒಳಗೆ ನೀರು ಸೇರಿದೆ ಅಂತ. ಆಮೇಲೆ ಟೈರಿನ ನಾಲ್ಕು ಅಂಕಿ.

ಸಭೆ ಮುಗಿದ ಮೇಲೆ ಮಕ್ಕಳೆಲ್ಲ ಕಾರಿನ ಸುತ್ತ ನಿಂತರು. ಹಿಂದಿನ ಡಿಕ್ಕಿ ತೆಗೆದು ತೋರಿಸಿದೆ. ಎಂಜಿನ್ ಕಾಣುವುದಿಲ್ಲ, ಎರಡು ಮುಚ್ಚಳ ಮಾತ್ರ, ಒಂದು ಆಯಿಲಿಗೆ, ಒಂದು ಕೂಲಂಟಿಗೆ. ಅದೇ ಹುಡುಗಿ ಆಯಿಲಿನ ಮುಚ್ಚಳ ತಿರುಗಿಸಿ, ಬಗ್ಗಿ, ಮೊಬೈಲಿನ ಬೆಳಕು ಬಿಟ್ಟು ನೋಡಿದಳು. “ಕ್ಲೀನ್ ಇದೆ ಸಾರ್” ಅಂದಳು.

ಕಾಲೇಜಿನಿಂದ ನಮ್ಮ ಮನೆಗೆ ಮೂರು ಕಿಲೋಮೀಟರು. ಏಳು ಲೀಟರಿಗೂ ಮೇಲೆ ಆಯಿಲ್ ಹಿಡಿಯುವ ಎಂಜಿನ್ನು ಮೂರು ಕಿಲೋಮೀಟರಿಗೆ ಬಿಸಿಯಾಗುವುದಿಲ್ಲ, ಒಳಗಿನ ತೇವ ಆರುವುದಿಲ್ಲ. ಹಾಗಾಗಿ ಮನೆಯ ದಾರಿ ಹಿಡಿಯದೆ ಹೆದ್ದಾರಿಗೆ ತಿರುಗಿಸಿ, ಆನಗೋಡಿನವರೆಗೆ ಹೋಗಿ, ಅಲ್ಲೊಂದು ಟೀ ಕುಡಿದು ವಾಪಸ್ ಬಂದೆ. ರಾತ್ರಿ ನೋಟ್‌ಬುಕ್ಕಿನಲ್ಲಿ ಬರೆದೆ: ಕಾಲೇಜು, ಆನಗೋಡು, ಮನೆ. ಸದ್ದು ಇಲ್ಲ.